ಬೀಜವಿಲ್ಲದ ಬೆಳೆಗೆ ಹಗೇವು

ಗದಗ ಸೀಮೆಯ ಎರೆನೆಲದ ಊರುಗಳಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದ ಕಾಲ ಹಿರಿಯರ ನೆನಪಿನಲ್ಲಿ ಇನ್ನೂ ಇದೆ. ಹರ್ತಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿ ಕೇಳಿದರೂ ವಿವರ ಹೆಚ್ಚುಕಡಿಮೆ ಒಂದೇ: ನೆಲದೊಳಗೆ ಆಳದ ಗುಂಡಿ, ಒಳಸುತ್ತಲೂ ಒಣಹುಲ್ಲು, ಬಾಯಿಗೆ ಹಾಸುಗಲ್ಲು, ಅದರ ಮೇಲೆ ಮಣ್ಣು. ತುಂಬಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಒಳಗಿನ ಆಮ್ಲಜನಕವನ್ನು ಕಡಿಮೆ ಮಾಡುತ್ತಿತ್ತು; ಹುಳ ಬದುಕುವುದು ಕಷ್ಟವಾಗುತ್ತಿತ್ತು. ಅದಕ್ಕೇ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಬಿತ್ತನೆ ಬೀಜಕ್ಕೆ ಬೇರೆಯೇ ಏರ್ಪಾಡು. ಆಯ್ದ ತೆನೆಯ ಕಾಳು, ಬೂದಿ, ಬೇವಿನ ಎಲೆ, ಬಾಯಿ ಮೆತ್ತಿದ ಗಡಿಗೆ.

ಜಗತ್ತಿನ ದೊಡ್ಡ ಬೀಜ ಬ್ಯಾಂಕುಗಳ ಸೂತ್ರವೂ ಇದಕ್ಕಿಂತ ಬಹಳ ಬೇರೆಯಲ್ಲ. ಬೀಜ ಒಣಗಿರಬೇಕು, ತಂಪಿನಲ್ಲಿರಬೇಕು, ಗಾಳಿ ಆಡಬಾರದು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಬೆಟ್ಟದೊಳಗೆ 2008ರಲ್ಲಿ ತೆರೆದ ಬೀಜ ಭಂಡಾರ ಮೈನಸ್ 18 ಡಿಗ್ರಿಯಲ್ಲಿ ಇದನ್ನೇ ಮಾಡುತ್ತದೆ. ಜೋಳ, ಗೋಧಿ, ಕಡಲೆ, ಹತ್ತಿ ಯಾವುದನ್ನಾದರೂ ಅಲ್ಲಿ ಇಡಬಹುದು. ನಾವು ತಿನ್ನುವ ಬಾಳೆಯನ್ನು ಮಾತ್ರ ಇಡುವುದಕ್ಕಾಗುವುದಿಲ್ಲ. ಅದಕ್ಕೆ ಬೀಜವೇ ಇಲ್ಲ.

ಕಾಡುಬಾಳೆಯ ಹಣ್ಣನ್ನು ಒಡೆದು ನೋಡಿದವರಿಗೆ ಗೊತ್ತು, ಒಳಗೆ ತಿರುಳಿಗಿಂತ ಕರಿಬೀಜವೇ ಹೆಚ್ಚು. ಅಂಥ ಗಿಡಗಳಲ್ಲಿ ಎಲ್ಲೋ ಒಂದರಲ್ಲಿ, ಯಾವಾಗಲೋ ಒಮ್ಮೆ, ಬೀಜ ಕಟ್ಟದೆಯೇ ಹಣ್ಣು ತುಂಬಿಕೊಂಡಿತು. ಮನುಷ್ಯರು ಅದರ ಬುಡದ ಮರಿಯನ್ನು ಕಿತ್ತು ತಂದು ಮನೆಯ ಹತ್ತಿರ ನೆಟ್ಟುಕೊಂಡರು. ಪಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ನೆಲದಲ್ಲಿ ಪುರಾತತ್ವಜ್ಞರು ಸುಮಾರು ಏಳು ಸಾವಿರ ವರ್ಷಗಳ ಹಿಂದಿನ ಬಾಳೆ ಕೃಷಿಯ ಕುರುಹು ಕಂಡಿದ್ದಾರೆ. ಅಂದಿನಿಂದ ಇಂದಿನವರೆಗೆ ಬಾಳೆ ಉಳಿದದ್ದು ಕೈಯಿಂದ ಕೈಗೆ, ಕಂದಿನಿಂದ ಕಂದಿಗೆ. ನಂಜನಗೂಡಿನ ಒಂದು ರಸಬಾಳೆ ಗಿಡ ಇನ್ನೊಂದರ ಮಗಳೋ ತಂಗಿಯೋ ಅಲ್ಲ. ಎಲ್ಲವೂ ಒಂದೇ ಗಿಡ, ಹಲವು ತೋಟಗಳಲ್ಲಿ ನಿಂತಿದೆ, ಅಷ್ಟೆ.

1955ರಲ್ಲಿ ಸಿಮಂಡ್ಸ್ ಮತ್ತು ಶೆಪರ್ಡ್ ಎಂಬಿಬ್ಬರು ವಿಜ್ಞಾನಿಗಳು ಈ ತಳಿಗಳ ಗೋತ್ರ ಬರೆದರು. ಮ್ಯೂಸಾ ಅಕ್ಯುಮಿನೇಟಾ, ಮ್ಯೂಸಾ ಬಾಲ್ಬಿಸಿಯಾನಾ ಎಂಬ ಎರಡು ಕಾಡುಬಾಳೆಗಳಿಂದ ಬಂದ ವರ್ಣತಂತುಗಳ ಗುಂಪುಗಳಿಗೆ ಎ ಮತ್ತು ಬಿ ಎಂದು ಹೆಸರಿಟ್ಟು, ಯಾವ ತಳಿಯಲ್ಲಿ ಯಾವುದು ಎಷ್ಟಿದೆ ಎಂದು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ರಸಬಾಳೆ ಎಎಬಿ. ನಮ್ಮ ಉತ್ತರ ಕರ್ನಾಟಕದ ರಾಜಾಪುರಿಯೂ ಎಎಬಿ. ಕಮಲಾಪುರದ ಕೆಂಪು ಬಾಳೆ ಎಎಎ. ಸಂತೆಯಲ್ಲಿ ಹಸಿರು ಬಾಳೆ ಎಂದು ಮಾರುವ ಪಚ್ಚಬಾಳೆ, ಜಿ-ನೈನ್‌ಗಳದ್ದೂ ಅದೇ. ಏಲಕ್ಕಿ ಬಾಳೆ ಬರೀ ಎಬಿ. ಮೂರು ಗುಂಪಿರುವ ಗಿಡದಲ್ಲಿ ಬೀಜ ಕಟ್ಟುವಾಗ ವರ್ಣತಂತುಗಳು ಸಮನಾಗಿ ಪಾಲಾಗುವುದಿಲ್ಲ. ಹಾಗಾಗಿ ಬೀಜವಿಲ್ಲ. ತಿನ್ನುವವರಿಗೆ ಇದು ಸುಖ, ಕಾಪಾಡುವವರಿಗೆ ತಲೆನೋವು.

ಕಾಪಾಡುವ ಹಳೆಯ ದಾರಿ ಒಂದೇ ಇತ್ತು: ನೆಟ್ಟುಕೊಂಡೇ ಇರುವುದು. ತಿರುಚಿರಾಪಳ್ಳಿಯಲ್ಲಿ 1993ರಲ್ಲಿ ಶುರುವಾದ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರದಲ್ಲಿ ಇವತ್ತಿಗೂ ನೂರಾರು ತಳಿಗಳನ್ನು ಹೊಲದಲ್ಲಿ ಬೆಳೆಸಿ ಇಟ್ಟಿದ್ದಾರೆ. ಇದಕ್ಕೆ ಬೆಲೆಯಿದೆ, ಗೊನೆ ಕಣ್ಣಿಗೆ ಕಾಣುತ್ತದೆ, ಹಣ್ಣು ತಿಂದು ನೋಡಬಹುದು. ಆದರೆ ಹೊಲ ಅಂದ ಮೇಲೆ ಬಿರುಗಾಳಿ ಇದೆ, ಬರ ಇದೆ, ಕೂಲಿ ಇದೆ, ಎಲ್ಲಕ್ಕಿಂತ ಮಿಗಿಲಾಗಿ ರೋಗ ಇದೆ.

ಆ ರೋಗದ ಕಥೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಬಾಳೆ ಗಾಜಿನ ಬಾಟಲಿಯೊಳಗೆ ಹೋದದ್ದೇ ಅದರ ಕಾರಣದಿಂದ. ಆಸ್ಟ್ರೇಲಿಯಾದ ಬ್ರಿಸ್ಬೇನ್ ಹತ್ತಿರ 1874ರಲ್ಲಿ ಜೋಸೆಫ್ ಬ್ಯಾಂಕ್ರಾಫ್ಟ್ ಎಂಬ ವೈದ್ಯ ಸೊರಗಿ ನಿಂತ ಬಾಳೆ ಗಿಡಗಳನ್ನು ಸೀಳಿ ನೋಡಿದ. ಮುಂದೆ ಮಧ್ಯ ಅಮೆರಿಕದ ತೋಟಗಳನ್ನು ಮುಗಿಸಿ ಪನಾಮಾ ರೋಗವೆಂದು ಹೆಸರಾದದ್ದು ಇದೇ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ, ಬೇರಿನಿಂದ ಗೆಡ್ಡೆಗೆ ಏರಿ ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಕೆಳಗಿನ ಎಲೆ ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ಕಾಂಡದ ಸುತ್ತ ಲಂಗದ ಹಾಗೆ ಜೋತುಬೀಳುತ್ತದೆ. ಸೀಳಿದರೆ ಒಳಗೆ ಕೆಂಪು-ಕಂದು ಗೆರೆ. ಒಮ್ಮೆ ಹೊಕ್ಕರೆ ಮಣ್ಣಿನಲ್ಲಿ ಅದು ದಶಕಗಳ ಕಾಲ ಇರುತ್ತದೆ. ಬಾಳೆ ಇಲ್ಲದಿದ್ದರೂ ಕಾಯುತ್ತದೆ. ಒಂದು ಕಾಲಕ್ಕೆ ರಫ್ತಿನ ಬಾಳೆಯೆಂದರೆ ಗ್ರೋ ಮಿಷೆಲ್ ತಳಿ. 1960ರ ದಶಕದ ಹೊತ್ತಿಗೆ ಅದನ್ನು ಬಿಟ್ಟು, ಆ ರೋಗ ತಡೆಯುವ ಕ್ಯಾವೆಂಡಿಷ್ ಗುಂಪಿಗೆ ಇಡೀ ವ್ಯಾಪಾರವೇ ಬದಲಾಯಿಸಬೇಕಾಯಿತು.

ನಂಜನಗೂಡಿನ ರಸಬಾಳೆ ಗ್ರೋ ಮಿಷೆಲ್‌ನಷ್ಟೇ ಸೂಕ್ಷ್ಮ. ಕಪಿಲಾ ನದಿಯ ಆಸುಪಾಸಿನ ಮಣ್ಣು, ದೇವರಸನಹಳ್ಳಿಯ ಸುತ್ತಿನ ತೋಟಗಳು, ತೆಳು ಸಿಪ್ಪೆ, ಬಿಡಿಸುವ ಮೊದಲೇ ಮೂಗಿಗೆ ಬರುವ ಪರಿಮಳ: ಈ ಕೀರ್ತಿಯೆಲ್ಲ ಇದ್ದೂ ತೋಟಗಳು ಒಂದೊಂದಾಗಿ ಕರಗಿದವು. ಕಬ್ಬು, ಬತ್ತ, ಏಲಕ್ಕಿ ಬಾಳೆ ಆ ಜಾಗಕ್ಕೆ ಬಂದವು. 2005-06ರಲ್ಲಿ ಕೊಡಗಿನ ಕಿತ್ತಳೆ, ಮೈಸೂರು ವೀಳ್ಯದೆಲೆಗಳ ಜೊತೆ ನಂಜನಗೂಡು ಬಾಳೆಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಾನೂನು ಹೆಸರನ್ನು ಕಾಪಾಡಿತು. ಹೆಸರಿಗೆ ತಕ್ಕ ಗಿಡಗಳು ಆ ಹೊತ್ತಿಗೆ ಬಹಳ ಕಡಿಮೆಯಾಗಿದ್ದವು.

ಇಲ್ಲಿರುವ ಗಂಟು ಏನೆಂದರೆ, ಬಾಳೆಯನ್ನು ಉಳಿಸಿದ ಕೈಯೇ ಅದರ ರೋಗವನ್ನೂ ದಾಟಿಸಿತು. ರೈತ ಚೆನ್ನಾಗಿ ಕಾಣುವ ಕಂದನ್ನು ಕಿತ್ತು ನೆಂಟನಿಗೆ ಕೊಡುತ್ತಾನೆ. ಗೆಡ್ಡೆಯೊಳಗೆ ಶಿಲೀಂಧ್ರ ಇದ್ದರೂ ಹೊರಗೆ ಕಾಣದು. ಗೊಂಚಲು ತುದಿ ರೋಗದ ವೈರಸ್ ಕೂಡ ಹೀಗೆಯೇ ಊರು ದಾಟುತ್ತದೆ. ಕಂದು ಕೊಡುವುದು ನಿಂತರೆ ತಳಿ ಹೋಗುತ್ತದೆ, ಕೊಟ್ಟರೆ ತೋಟ ಹೋಗುತ್ತದೆ. ಇದರಿಂದ ಬಿಡಿಸಿಕೊಳ್ಳಲು ಕಂದಿಗಿಂತ ಚಿಕ್ಕದೊಂದು ತುಣುಕು ಬೇಕಿತ್ತು. ಮಣ್ಣು ಸೋಕದ, ಆದರೂ ಇಡೀ ಗಿಡವನ್ನು ತನ್ನೊಳಗೆ ಇಟ್ಟುಕೊಂಡ ತುಣುಕು.

ಅಂಥದ್ದು ಸಾಧ್ಯವೆಂದು 1902ರಲ್ಲೇ ಹೇಳಿದವನು ಆಸ್ಟ್ರಿಯಾದ ಗಾಟ್ಲೀಬ್ ಹಾಬರ್‌ಲಾಂಟ್. ಎಲೆಯ ಬಿಡಿ ಕೋಶಗಳನ್ನು ಸಕ್ಕರೆ, ಲವಣಗಳ ದ್ರವದಲ್ಲಿ ಇಟ್ಟು ನೋಡಿದ. ಬದುಕಿದವು, ಒಂದೂ ಒಡೆದು ಎರಡಾಗಲಿಲ್ಲ. ಪ್ರಯೋಗ ಸೋತಿತು, ಮಾತು ಉಳಿಯಿತು. ಅದನ್ನು ನಿಜ ಮಾಡಲು ಐವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ತೋರಿಸಿದ್ದು ಇಷ್ಟು: ಆಕ್ಸಿನ್, ಸೈಟೊಕೈನಿನ್ ಎಂಬ ಎರಡು ಸಸ್ಯ ಹಾರ್ಮೋನುಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿದರೆ ಒಂದೇ ಅಂಗಾಂಶದಿಂದ ಬೇರನ್ನಾದರೂ ಬರಿಸಬಹುದು, ಚಿಗುರನ್ನಾದರೂ ಬರಿಸಬಹುದು. 1962ರಲ್ಲಿ ಮುರಾಷಿಗೆ ಮತ್ತು ಸ್ಕೂಗ್ ಪ್ರಕಟಿಸಿದ ಪೋಷಕ ದ್ರಾವಣದ ಪಾಕವನ್ನು ಇಂದಿಗೂ ಲೋಕದ ಪ್ರಯೋಗಾಲಯಗಳು ಬೆರೆಸುತ್ತಿವೆ. ನಮ್ಮ ದೇಶವೂ ಹಿಂದೆ ಇರಲಿಲ್ಲ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಸಿಪ್ರಾ ಗುಹಾ ಮತ್ತು ಎಸ್. ಸಿ. ಮಹೇಶ್ವರಿ ದತ್ತೂರಿಯ ಪರಾಗಕೋಶದಿಂದ ಭ್ರೂಣ ಬೆಳೆಸಿ ಜಗತ್ತಿನ ಕಣ್ಣು ಇತ್ತ ತಿರುಗಿಸಿದರು. ಬಾಳೆಯ ಸರದಿ 1970ರ ದಶಕದಲ್ಲಿ ಬಂತು, ಮೊದಲು ತೈವಾನಿನಲ್ಲಿ.

ಕೆಲಸ ಹೀಗೆ. ಕತ್ತಿಯಂಥ ಎಲೆಯ ಎಳೆಯ ಕಂದನ್ನು ಕಿತ್ತು, ಬೇರು ಸವರಿ, ಈರುಳ್ಳಿ ಬಿಡಿಸಿದ ಹಾಗೆ ಎಲೆಯ ಪದರಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗುತ್ತಾರೆ. ಕೊನೆಗೆ ಗೆಡ್ಡೆಯ ಚೂರಿನ ಮೇಲೆ ಕೂತ ಬಿಳಿಯ ತುದಿ ಉಳಿಯುತ್ತದೆ. ಅದನ್ನು ಕ್ಲೋರಿನ್ ನೀರಿನಲ್ಲಿ ತೊಳೆದು, ಸಕ್ಕರೆ, ಲವಣ, ಹಾರ್ಮೋನು ಬೆರೆಸಿ ಅಗರ್‌ನಿಂದ ಗಟ್ಟಿ ಮಾಡಿದ ಪಾಕದ ಮೇಲೆ ಕೂರಿಸುತ್ತಾರೆ. ಸೈಟೊಕೈನಿನ್ ಸಿಕ್ಕಿದ ತುದಿ ನೇರ ಮೇಲೆ ಬೆಳೆಯುವುದನ್ನು ಬಿಟ್ಟು ಪಕ್ಕದಲ್ಲಿ ಮೊಗ್ಗು ಒಡೆಯುತ್ತದೆ. ಮೊಗ್ಗುಗಳನ್ನು ಬಿಡಿಸಿ ಹೊಸ ಬಾಟಲಿಗೆ ಹಾಕಿದರೆ ಅವೂ ಒಡೆಯುತ್ತವೆ. ಬೇಕಾದಷ್ಟಾದ ಮೇಲೆ ಹಾರ್ಮೋನು ಬದಲಿಸಿದರೆ ಬೇರು.

ಬರೆಯುವುದಕ್ಕೆ ಸುಲಭ. ಬಾಳೆ ಮಾತ್ರ ಸಲೀಸಾಗಿ ಒಪ್ಪುವ ಗಿಡವಲ್ಲ. ಬಾಳೆದಿಂಡು ಹೆಚ್ಚಿದ ಕೈ, ಆ ಕೈ ಒರೆಸಿದ ಬಟ್ಟೆ ಏನಾಗುತ್ತದೆಂದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಅದೇ ಕರೆ ಇಲ್ಲೂ ಬರುತ್ತದೆ. ಕೊಯ್ದ ಜಾಗದಿಂದ ಫೀನಾಲ್ ವಸ್ತುಗಳು ಸೋರಿ, ಗಾಳಿ ಸೋಕಿ ಕಪ್ಪಾಗಿ, ಪಾಕಕ್ಕೆ ಇಳಿದು ತುದಿಯನ್ನೇ ಕೊಲ್ಲುತ್ತವೆ. ಅದಕ್ಕೆ ಆಸ್ಕಾರ್ಬಿಕ್ ಆಮ್ಲ, ಇದ್ದಿಲ ಪುಡಿ, ಮೊದಲ ಕೆಲವು ದಿನ ಕತ್ತಲೆ, ಪದೇಪದೇ ಹೊಸ ಪಾಕ. ಎರಡನೆಯ ಕಾಟ ಬ್ಯಾಕ್ಟೀರಿಯಾದ್ದು. ಹೊರಗೆ ಎಷ್ಟು ತೊಳೆದರೂ ಅಂಗಾಂಶದ ಒಳಗೇ ಮನೆ ಮಾಡಿಕೊಂಡವು ಕೆಲವು ಇರುತ್ತವೆ. ಮೂರು ನಾಲ್ಕು ಸುತ್ತು ಸುಮ್ಮನಿದ್ದು ಒಂದು ದಿನ ಬುಡದ ಸುತ್ತ ಹಾಲಿನಂಥ ಮಂಜಾಗಿ ಕಾಣಿಸಿಕೊಳ್ಳುತ್ತವೆ. ಬಿ ಅಂಶವಿರುವ ತಳಿಗಳು, ರಸಬಾಳೆಯಂಥವು, ಕ್ಯಾವೆಂಡಿಷ್‌ನಷ್ಟು ಬೇಗ ಒಡೆಯುವುದಿಲ್ಲ ಎಂಬುದು ಈ ಕೆಲಸ ಮಾಡುವವರ ಸಾಮಾನ್ಯ ಅನುಭವ. ಬಾಳೆಯ ಅಂಗಾಂಶ ಕೃಷಿಯ ಚರಿತ್ರೆಯ ಬಹುಭಾಗ ಇಂಥ ಸಣ್ಣ ತಿದ್ದುಪಡಿಗಳದ್ದೇ. ಯಾವ ತಳಿಗೆ ಎಷ್ಟು ಹಾರ್ಮೋನು, ಗಟ್ಟಿ ಪಾಕವೋ ದ್ರವವೋ, ಎಷ್ಟು ಬೆಳಕು, ಎಷ್ಟು ದಿನಕ್ಕೊಮ್ಮೆ ಬಿಡಿಸಬೇಕು.

ವ್ಯಾಪಾರಕ್ಕೆ ಇದು ಬಂಗಾರದ ಬಾಗಿಲು. ಒಂದು ತುದಿ ಪ್ರತಿ ಸುತ್ತಿಗೆ ಮೂರಾಗುತ್ತದೆ ಎಂದು ಹಿಡಿದರೂ ಎಂಟು ಸುತ್ತಿಗೆ 6,561 ಗಿಡ, ಹತ್ತು ಸುತ್ತಿಗೆ 59,049. ಸುತ್ತಿಗೆ ನಾಲ್ಕು ವಾರ ಸಾಕು. 1990ರ ದಶಕದಿಂದ ಗ್ರ್ಯಾಂಡ್ ನೈನ್ ಎಂಬ ಕ್ಯಾವೆಂಡಿಷ್ ತಳಿ ಭಾರತದ ಹೊಲಗಳಿಗೆ ಹೀಗೆ ನುಗ್ಗಿತು. ನಮ್ಮ ಕಡೆ ಅದರ ಹೆಸರು ಜಿ-ನೈನ್. ಬೋರ್‌ವೆಲ್ಲೋ ತುಂಗಭದ್ರೆಯ ನೀರೋ ಇರುವಲ್ಲಿ ರೈತರು ಇವತ್ತು ಕಂದು ಹುಡುಕಿಕೊಂಡು ನೆಂಟರ ಊರಿಗೆ ಹೋಗುವುದಿಲ್ಲ. ‘ಟಿಶ್ಯೂ’ ಎಂದು ಹೇಳಿ ಮುಂಗಡ ಕೊಟ್ಟು ಬರುತ್ತಾರೆ. ಎಲ್ಲ ಗಿಡ ಒಂದೇ ಎತ್ತರ, ಎಲ್ಲ ಗೊನೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ವ್ಯಾಪಾರಿ ಬಂದು ಲಾರಿ ತುಂಬಿಸಿಕೊಂಡು ಹೋಗುತ್ತಾನೆ.

ಕಾಪಾಡುವವನಿಗೆ ಬೇಕಾದ್ದು ಇದರ ತದ್ವಿರುದ್ಧ. ಅವನಿಗೆ 59,049 ಗಿಡ ಬೇಡ, ಇಪ್ಪತ್ತು ಸಾಕು. ಆದರೆ ಐವತ್ತು ವರ್ಷದ ಮೇಲೂ ಆ ಇಪ್ಪತ್ತು ಅದೇ ಆಗಿರಬೇಕು. ಈ ಎರಡನ್ನೂ ‘ಟಿಶ್ಯೂ ಕಲ್ಚರ್’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಸಾಕಷ್ಟು ಗೊಂದಲವಾಗಿದೆ ಎಂದು ನನಗೆ ಅನಿಸುತ್ತದೆ. ಬಾಟಲಿಯೊಳಗೆ ಹೋದದ್ದೆಲ್ಲ ಉಳಿಯಿತು ಎಂದು ಜನ ತಿಳಿಯುತ್ತಾರೆ. ಬಾಟಲಿಯೊಳಗೂ ಗಿಡ ಬದಲಾಗುತ್ತದೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದ್ದು ತೈವಾನ್. ಅಲ್ಲಿ 1967ರಲ್ಲಿ ಕ್ಯಾವೆಂಡಿಷ್ ಬಾಳೆಯನ್ನೇ ಸೊರಗಿಸುವ ಹೊಸ ಫ್ಯುಸೇರಿಯಂ ಕಾಣಿಸಿಕೊಂಡಿತು. ಇವತ್ತು ಟಿಆರ್-4 ಎಂದು ಕರೆಯುವುದು ಇದನ್ನೇ. ಅಲ್ಲಿಯ ಬಾಳೆ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಅಂಗಾಂಶ ಕೃಷಿಯ ಸಸಿಗಳನ್ನು ದೊಡ್ಡ ಪ್ರಮಾಣದಲ್ಲಿ ಹಂಚತೊಡಗಿದಾಗ ಒಂದು ವಿಚಿತ್ರ ಕಂಡರು. ಒಂದೇ ತಾಯಿಯ ಸಸಿಗಳಲ್ಲಿ ಕೆಲವು ಕುಳ್ಳಗೆ, ಕೆಲವಕ್ಕೆ ಎಲೆ ಸುರುಟಿದೆ, ಕೆಲವಕ್ಕೆ ಮಚ್ಚೆ. ಬಾಟಲಿಯಲ್ಲಿ ಹುಟ್ಟುವ ಇಂಥ ಬದಲಾವಣೆಗೆ 1981ರಲ್ಲಿ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಎಂಬ ವಿಜ್ಞಾನಿಗಳು ‘ಸೊಮಾಕ್ಲೋನಲ್ ವೇರಿಯೇಷನ್’ ಎಂದು ಹೆಸರಿಟ್ಟಿದ್ದರು. ತೈವಾನಿನವರು ಬುದ್ಧಿವಂತರು. ಬದಲಾಗುವುದೇ ಆದರೆ ಉಪಯೋಗಕ್ಕಾದರೂ ಬರಲಿ ಎಂದು ಸಾವಿರಾರು ಸಸಿಗಳನ್ನು ರೋಗದ ಮಣ್ಣಿನಲ್ಲೇ ನೆಟ್ಟು, ಸಾಯದೆ ನಿಂತವನ್ನು ಆರಿಸಿದರು. ರೋಗವನ್ನು ಬಹುಮಟ್ಟಿಗೆ ತಾಳಿಕೊಳ್ಳುವ ಫಾರ್ಮೋಸಾನಾ ತಳಿ ಬಂದದ್ದು ಈ ದಾರಿಯಿಂದ.

ತಳಿ ಅಭಿವೃದ್ಧಿ ಮಾಡುವವನಿಗೆ ಇದು ವರ, ತಳಿ ಕಾಪಾಡುವವನಿಗೆ ಕಳವು. ರಸಬಾಳೆ ಎಂದು ಚೀಟಿ ಹಚ್ಚಿದ ಬಾಟಲಿಯಲ್ಲಿ ಯಾವಾಗಲೋ ರಸಬಾಳೆ ಇಲ್ಲದೆ ಹೋದರೆ, ಹೊಲದಲ್ಲಿ ಗೊನೆ ಬಿಡುವವರೆಗೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಆಗ ಹೋಲಿಸಿ ನೋಡಲು ಹಳೆಯ ಗಿಡವೂ ಇಲ್ಲದಿದ್ದರೆ?

ಈ ಪ್ರಶ್ನೆಯನ್ನು ನಂಜನಗೂಡಿನ ಬಾಳೆಯ ಮೇಲೆಯೇ ಕೇಳಿದವರು ಮೈಸೂರಿನಲ್ಲಿದ್ದರು. ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಎಲ್ಲರ ಬಾಯಲ್ಲಿ ಸಿಎಫ್‌ಟಿಆರ್‌ಐ, ಸಾಮಾನ್ಯವಾಗಿ ಆಹಾರ ಸಂಸ್ಕರಣೆಗೆ ಹೆಸರಾದ ಸಂಸ್ಥೆ. ಅಲ್ಲಿ ಎನ್. ಭಾಗ್ಯಲಕ್ಷ್ಮಿ, ಎಲ್. ವೆಂಕಟಾಚಲಂ ಮತ್ತು ಸಂಗಡಿಗರು ರಸಬಾಳೆಯ ಚಿಗುರುಗಳನ್ನು ಬಾಟಲಿಯಿಂದ ಬಾಟಲಿಗೆ ದಾಟಿಸುತ್ತ ಹತ್ತು ವರ್ಷ ಉಳಿಸಿಕೊಂಡರು. ಆಮೇಲೆ ಆರ್‌ಎಪಿಡಿ, ಐಎಸ್‌ಎಸ್‌ಆರ್ ಎಂಬ ಎರಡು ಬಗೆಯ ಡಿಎನ್‌ಎ ಪರೀಕ್ಷೆಗಳಿಂದ ಅವುಗಳ ವಂಶವಾಹಿಯನ್ನು ಪರೀಕ್ಷಿಸಿದರು. ಚಿಗುರು ಬೇಗ ಒಡೆಯಲೆಂದು ಸೈಟೊಕೈನಿನ್ ಪ್ರಮಾಣವನ್ನು ಬಹಳ ಏರಿಸಿ ಬೆಳೆಸಿದ ಗಿಡಗಳನ್ನೂ ಹೀಗೆ ನೋಡಿದರು. 2007ರಲ್ಲಿ ಪ್ರಕಟವಾದ ಅವರ ಪ್ರಬಂಧಗಳ ಉತ್ತರ ಸಮಾಧಾನದ್ದಾಗಿತ್ತು: ದೀರ್ಘಕಾಲದ ಚಿಗುರುಗಳಲ್ಲಿ ಆ ಪರೀಕ್ಷೆಗಳಿಗೆ ಸಿಕ್ಕುವ ವ್ಯತ್ಯಾಸ ಕಾಣಲಿಲ್ಲ.

ಈ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ. ಹತ್ತು ವರ್ಷ ಎಂದರೆ ನೂರಾರು ಸಲ ಯಾರೋ ಬಾಟಲಿ ತೆರೆದು, ಚಿಮಟದಿಂದ ಎತ್ತಿ, ಕೊಯ್ದು, ಮುಚ್ಚಿ, ಚೀಟಿ ಬರೆದಿದ್ದಾರೆ. ಕರೆಂಟು ಹೋದ ದಿನಗಳಿವೆ, ಸಹಾಯಕರು ಬದಲಾದ ದಿನಗಳಿವೆ. ಹಾಗೆಂದು ಫಲಿತಾಂಶವನ್ನು ಅದರ ಅಳತೆಗಿಂತ ದೊಡ್ಡದು ಮಾಡಬಾರದು. ಈ ಪರೀಕ್ಷೆಗಳು ವಂಶವಾಹಿಯ ಪುಸ್ತಕದಲ್ಲಿ ಅಲ್ಲೊಂದು ಇಲ್ಲೊಂದು ಸಾಲನ್ನು ಮಾತ್ರ ಓದುತ್ತವೆ. ಪುಟದಲ್ಲಿ ಎಲ್ಲೋ ಒಂದು ಅಕ್ಷರ ಕೆಟ್ಟಿದ್ದರೆ, ಅಥವಾ ಅಕ್ಷರ ಸರಿಯಿದ್ದೂ ಓದುವ ರೀತಿ ಬದಲಾಗಿದ್ದರೆ, ಇವುಗಳ ಕಣ್ಣಿಗೆ ಬೀಳದೆಯೂ ಹೋಗಬಹುದು. ಪರಿಮಳಕ್ಕಂತೂ ಬಾಟಲಿಯಲ್ಲಿ ಪರೀಕ್ಷೆಯಿಲ್ಲ.

ಬದಲಾವಣೆಯನ್ನು ತಡೆಯಲು ಕಲಿತ ಉಪಾಯಗಳಲ್ಲಿ ಮುಖ್ಯವಾದದ್ದು ಆತುರಪಡದಿರುವುದು. ಗಾಯದಿಂದ ಉಬ್ಬಿ ಬರುವ ಆಕಾರವಿಲ್ಲದ ಅಂಗಾಂಶದಿಂದ ಗಿಡ ಮಾಡುವುದಕ್ಕಿಂತ, ಮೊದಲೇ ರೂಪುಗೊಂಡ ತುದಿಯಿಂದಲೇ ಮಾಡಿದರೆ ತಪ್ಪು ಕಡಿಮೆ. ಸುತ್ತು ಹೆಚ್ಚಿದಷ್ಟೂ ತಪ್ಪಿಗೆ ಅವಕಾಶ ಹೆಚ್ಚು. ವ್ಯಾಪಾರದ ಪ್ರಯೋಗಾಲಯಗಳೂ ಸಾಮಾನ್ಯವಾಗಿ ಎಂಟು ಹತ್ತು ಸುತ್ತಿಗೆ ನಿಲ್ಲಿಸಿ ಹೊಸ ಕಂದಿನಿಂದ ಶುರು ಮಾಡಬೇಕೆನ್ನುವುದು ಇದಕ್ಕೇ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಅಂಗಾಂಶ ಕೃಷಿ ಸಸಿಗಳಿಗೆ ಪ್ರಮಾಣಪತ್ರದ ವ್ಯವಸ್ಥೆ ತಂದಾಗ ವೈರಸ್ ಪರೀಕ್ಷೆಯ ಜೊತೆ ತಳಿಶುದ್ಧಿಯ ಪರೀಕ್ಷೆಯನ್ನೂ ಸೇರಿಸಿತು.

ಹಾಗಾದರೆ ಸುತ್ತುಗಳನ್ನೇ ಕಡಿಮೆ ಮಾಡಬಾರದೇಕೆ? ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬಾಳೆ ಸಂಗ್ರಹದ ಬುನಾದಿ ಈ ಯೋಚನೆ. ಬಾಳೆ ಬೆಳೆಯದ ದೇಶದಲ್ಲಿ ಲೋಕದ ಬಾಳೆ ಇಟ್ಟಿದ್ದಾರೆ ಎಂಬುದು ತಮಾಷೆಯಾಗಿ ಕಾಣಬಹುದು. ಜಾಣತನ ಇರುವುದೇ ಅಲ್ಲಿ. ಸುತ್ತ ಬಾಳೆ ತೋಟವಿಲ್ಲದ್ದರಿಂದ ತೋಟದ ರೋಗ ಒಳಗೆ ಬರುವ ಭಯವಿಲ್ಲ, ಒಳಗಿಂದ ತಪ್ಪಿಸಿಕೊಂಡದ್ದು ಹಾಳುಮಾಡಲು ಹೊರಗೆ ಬಾಳೆಯೂ ಇಲ್ಲ. ಅಲ್ಲಿ ಒಂದು ಸಾವಿರದ ಆರುನೂರಕ್ಕೂ ಹೆಚ್ಚು ಬಾಳೆಗಳು ಗಾಜಿನ ನಳಿಕೆಗಳಲ್ಲಿ ಇವೆ. ಕೋಣೆಯನ್ನು ಸುಮಾರು 16 ಡಿಗ್ರಿಗೆ ತಣಿಸಿ, ಬೆಳಕು ಕಡಿಮೆ ಮಾಡುತ್ತಾರೆ. ಗಿಡ ಸಾಯುವುದಿಲ್ಲ, ಹಾಗೆಂದು ಬೆಳೆಯುವ ಉತ್ಸಾಹವೂ ಇರುವುದಿಲ್ಲ. ನಾಲ್ಕು ವಾರಕ್ಕೊಮ್ಮೆ ಬೇಕಾಗಿದ್ದ ಬಾಟಲಿ ಬದಲಾವಣೆ ವರ್ಷಕ್ಕೊಮ್ಮೆ ಸಾಕಾಗುತ್ತದೆ. ದೆಹಲಿಯಲ್ಲೂ 1986ರಲ್ಲಿ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದಲ್ಲಿ ಇಂಥದೇ ಅಂಗಾಂಶ ಭಂಡಾರ ಆರಂಭವಾಯಿತು. ಅಲ್ಲಿನ ಮುಖ್ಯ ಬೆಳೆಗಳಲ್ಲಿ ಬಾಳೆಯೂ ಒಂದು.

ಇಷ್ಟಾದರೂ ಒಂದು ಶತ್ರು ಒಳಗೇ ಉಳಿದಿತ್ತು. 1990ರ ದಶಕದಲ್ಲಿ ವಿಜ್ಞಾನಿಗಳು ಬೆಚ್ಚಿಬಿದ್ದ ಸಂಗತಿಯಿದು. ವೈರಸ್ ಇಲ್ಲವೆಂದು ಪರೀಕ್ಷಿಸಿ ಬಾಟಲಿಗೆ ಹಾಕಿದ ಕೆಲವು ಸಂಕರ ತಳಿಗಳಲ್ಲಿ, ಹೊರಗಿನಿಂದ ಏನೂ ಸೋಕದಿದ್ದರೂ, ಎಲೆಯಲ್ಲಿ ಗೆರೆ ಮೂಡಿಸುವ ಸ್ಟ್ರೀಕ್ ವೈರಸ್ ಕಾಣಿಸಿಕೊಂಡಿತು. ಹುಡುಕಿದಾಗ ತಿಳಿದದ್ದು, ಬಿ ಗುಂಪಿನ ವರ್ಣತಂತುಗಳಲ್ಲೇ ಆ ವೈರಸ್ಸಿನ ಅಂಶ ಹಿಂದೆಂದೋ ಸೇರಿಕೊಂಡು ಮಲಗಿತ್ತು. ಬಾಟಲಿಯ ಬದುಕಿನ ಒತ್ತಡ ಅದನ್ನು ಎಬ್ಬಿಸಿತು. ಬಿ ಇರುವ ಪ್ರತಿ ತಳಿಯಲ್ಲೂ ಹೀಗೆ ಆಗುವುದಿಲ್ಲ. ಆದರೆ ಕಾಪಾಡಲೆಂದು ಕೈಗೊಂಡ ಕ್ರಿಯೆಯೇ ರೋಗ ಹುಟ್ಟಿಸಬಹುದು ಎಂಬುದು ಆ ತನಕ ಯಾರ ಊಹೆಯಲ್ಲೂ ಇರಲಿಲ್ಲ. ವೈರಸ್ ಪತ್ತೆಯಾದ ತಳಿಗಳನ್ನು ಲೂವೆನ್‌ನಿಂದ ಹೊರಗೆ ಕಳಿಸುವುದಿಲ್ಲ.

ಉಳಿದ ದಾರಿ ಗಿಡದ ಕಾಲವನ್ನೇ ನಿಲ್ಲಿಸುವುದು. ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಜೀವಕೋಶದೊಳಗೆ ಏನೂ ನಡೆಯುವುದಿಲ್ಲ. ಕೋಶ ಒಡೆಯುವುದಿಲ್ಲ, ಹಾಗಾಗಿ ತಪ್ಪೂ ಆಗುವುದಿಲ್ಲ. ತೊಡಕು ನೀರಿನದು. ಬಾಳೆ ಅಂದರೆ ಬಹುಪಾಲು ನೀರು, ನೀರು ಹೆಪ್ಪುಗಟ್ಟಿದರೆ ಹರಳಾಗಿ ಕೋಶದ ಗೋಡೆ ಹರಿಯುತ್ತದೆ. ತಣ್ಣನೆಯ ಪೆಟ್ಟಿಗೆಯಲ್ಲಿ ಮರೆತ ಬಾಳೆಹಣ್ಣು ಹೊರಗೆ ತೆಗೆದಾಗ ಕೈಯಲ್ಲೇ ಲೊಳಲೊಳ ಆಗುವುದು ಇದರಿಂದಲೇ. ಇದಕ್ಕೆ ಲೂವೆನ್‌ನಲ್ಲಿ ಬಾರ್ಟ್ ಪಾನಿಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ಕೆಲಸ ಮಾಡಿ, 2005ರಲ್ಲಿ ಬಗೆಬಗೆಯ ಬಾಳೆಗಳಿಗೆ ಹೊಂದುವ ಒಂದು ವಿಧಾನ ಪ್ರಕಟಿಸಿದರು. ಒಂದು ಮಿಲಿಮೀಟರಿನಷ್ಟು ತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ, ಗ್ಲಿಸರಾಲ್ ಮುಂತಾದವು ಸೇರಿದ ದಪ್ಪ ದ್ರಾವಣದಲ್ಲಿ ನೆನೆಸುತ್ತಾರೆ. ಅದು ಕೋಶದ ನೀರನ್ನು ಹೊರಗೆಳೆಯುತ್ತದೆ. ನಂತರ ಆ ತುದಿಯನ್ನು ದ್ರಾವಣದ ಒಂದು ಹನಿಯಲ್ಲಿ, ಅಲ್ಯೂಮಿನಿಯಂ ಹಾಳೆಯ ಸಣ್ಣ ಪಟ್ಟಿಯ ಮೇಲೆ ಇಟ್ಟು ನೇರ ಸಾರಜನಕಕ್ಕೆ ಅದ್ದುತ್ತಾರೆ. ಹನಿ ಎಷ್ಟು ಚಿಕ್ಕದೆಂದರೆ ಹರಳಾಗಲು ಪುರಸೊತ್ತೇ ಸಿಗದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ.

ಎಲ್ಲ ಕೋಶಗಳೂ ಬದುಕುವುದಿಲ್ಲ. ನೀರು ತುಂಬಿದ ದೊಡ್ಡ ಕೋಶಗಳು ಸಾಯುತ್ತವೆ, ತುತ್ತತುದಿಯ ಸಣ್ಣ ಕೋಶಗಳಷ್ಟೇ ಉಳಿಯುತ್ತವೆ. ಇದರಿಂದ ಯಾರೂ ಹುಡುಕದ ಒಂದು ಲಾಭವೂ ಸಿಕ್ಕಿತು. ವೈರಸ್ ಹೆಚ್ಚಾಗಿ ಇರುವುದು ಆ ದೊಡ್ಡ ಕೋಶಗಳಲ್ಲಿ. ಹಾಗಾಗಿ ಚಳಿಗೆ ಹೋಗಿಬಂದ ತುದಿಗಳಲ್ಲಿ ಕೆಲವು ವೈರಸ್ ಕಳೆದುಕೊಂಡೇ ಮರಳುತ್ತವೆ. ವರ್ಣತಂತುವಿನಲ್ಲೇ ಹುದುಗಿದ್ದನ್ನು ಮಾತ್ರ ಚಳಿ ತೆಗೆಯಲಾರದು. ಇವತ್ತು ಲೂವೆನ್ ಸಂಗ್ರಹದ ಸಾವಿರಕ್ಕೂ ಹೆಚ್ಚು ಬಾಳೆಗಳು ಹೀಗೆ ಚಳಿಯಲ್ಲಿವೆ. ಅವುಗಳ ಇನ್ನೊಂದು ಪ್ರತಿ ಫ್ರಾನ್ಸಿನ ಮೋಂಪೆಲ್ಯೆಯಲ್ಲಿದೆ. ಸಾರಜನಕ ಕಾಲಕಾಲಕ್ಕೆ ತುಂಬಿಸುತ್ತಿದ್ದರೆ ಸಾಕು, ಪಾಕ ಬದಲಿಸುವ ಕೆಲಸವಿಲ್ಲ, ಚೀಟಿ ಅದಲುಬದಲಾಗುವ ಭಯ ಬಹಳ ಕಡಿಮೆ. ಜೋಳಕ್ಕೆ ಗಡಿಗೆ, ಬೂದಿ, ಬೇವು ಮಾಡಿಕೊಟ್ಟದ್ದನ್ನು ಬಾಳೆಗೆ ಮಾಡಲು ಹಾಬರ್‌ಲಾಂಟ್‌ನಿಂದ ಲೆಕ್ಕ ಹಾಕಿದರೆ ನೂರು ವರ್ಷ ಹಿಡಿಯಿತು.

ನಂಜನಗೂಡಿಗೆ ಹಿಂದಿರುಗೋಣ. ಪ್ರಯೋಗಾಲಯದಿಂದ ಬಂದ ರಸಬಾಳೆ ಸಸಿ ಶುದ್ಧ, ಶಿಲೀಂಧ್ರವಿಲ್ಲ, ವೈರಸ್ಸಿಲ್ಲ. ಆದರೆ ಶುದ್ಧವಾದದ್ದು ಗಟ್ಟಿ ಎಂದೇನೂ ಅರ್ಥವಲ್ಲ. ರೋಗವಿಲ್ಲದ ಸಸಿಗೂ ರೋಗ ತಡೆಯುವ ಸಸಿಗೂ ಇರುವ ವ್ಯತ್ಯಾಸವನ್ನು ಸರ್ಕಾರಿ ಕರಪತ್ರಗಳು ಅಷ್ಟು ಬಿಡಿಸಿ ಹೇಳುವುದಿಲ್ಲ. ಅಂಗಾಂಶ ಕೃಷಿ ರಸಬಾಳೆಯನ್ನು ರಸಬಾಳೆಯಾಗಿಯೇ ಉಳಿಸುತ್ತದೆ. ಅಂದರೆ ಅದರ ದೌರ್ಬಲ್ಯವನ್ನೂ ಹಾಗೆಯೇ ಉಳಿಸುತ್ತದೆ. ಫ್ಯುಸೇರಿಯಂ ಕಾಯುತ್ತಿರುವ ಹಳೆಯ ತೋಟದಲ್ಲಿ ನೆಟ್ಟರೆ ಅದು ಹಳೆಯ ಗಿಡದ ಹಾಗೆಯೇ ಸೊರಗುತ್ತದೆ. ಹೊಸ ಮಣ್ಣಿನಲ್ಲಿ ನೆಟ್ಟರೆ ಕೆಲವು ಬೆಳೆ ಸಿಗುತ್ತದೆ, ಆದರೆ ಹೊಸ ಮಣ್ಣು ನಂಜನಗೂಡಿನ ಮಣ್ಣೇ ಆಗಿರಬೇಕೆಂದು ಭೌಗೋಳಿಕ ಸೂಚಕದ ನಿಯಮ ಹೇಳುತ್ತದೆ. ಮಣ್ಣಿಗೆ ಒಳ್ಳೆಯ ಶಿಲೀಂಧ್ರಗಳನ್ನು ಸೇರಿಸುವುದು, ನಡುವೆ ಬತ್ತ ಬೆಳೆಯುವುದು ಮುಂತಾದ ಪ್ರಯತ್ನಗಳು ಇವೆ. ಅವೆಲ್ಲ ತೋಟದ ಕೆಲಸ. ಪ್ರಯೋಗಾಲಯದ ಕೈ ಅಷ್ಟು ದೂರ ಚಾಚುವುದಿಲ್ಲ.

ಹಾಗಾದರೆ ಬಾಟಲಿಯಲ್ಲಿ ಇಟ್ಟು ಪ್ರಯೋಜನವೇನು ಎಂದು ಕೇಳುವವರಿಗೆ ಉತ್ತರ ತೈವಾನಿನಲ್ಲಿದೆ. ಕಳೆದ ದಶಕದಲ್ಲಿ ಟಿಆರ್-4 ಬಿಹಾರ, ಉತ್ತರ ಪ್ರದೇಶದ ತೋಟಗಳಿಗೂ ಬಂತು, 2019ರಲ್ಲಿ ಕೊಲಂಬಿಯಾ ತಲುಪಿತು. ಈ ಸಲ ಬೀಳುತ್ತಿರುವುದು ಜಿ-ನೈನ್ ಇರುವ ಕ್ಯಾವೆಂಡಿಷ್ ಗುಂಪೇ. ಅದರ ಬದಲಿಗೆ ನಿಲ್ಲುವ ತಳಿಯನ್ನು ಹುಡುಕುವವರು ಹೋಗುವುದು ಈ ನಳಿಕೆಗಳ ಕಡೆಗೇ. ಅಲ್ಲಿ ಇಲ್ಲದ ತಳಿ ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ನನಗೆ ಹೆಚ್ಚು ಚಿಂತೆಯಾಗುವುದು ಅಂಥ ಲೆಕ್ಕಕ್ಕೆ ಬಾರದವುಗಳದ್ದು. ರಸಬಾಳೆಗೆ ಕೀರ್ತಿ ಇತ್ತು, ಹತ್ತಿರದಲ್ಲಿ ಸಿಎಫ್‌ಟಿಆರ್‌ಐ ಇತ್ತು. ಕಮಲಾಪುರದ ಕೆಂಪು ಬಾಳೆಗೂ ಭೌಗೋಳಿಕ ಸೂಚಕ ಬಂತು. ನಮ್ಮ ಕಡೆ ಬಚ್ಚಲ ನೀರು ಹರಿಯುವಲ್ಲಿ, ಬಾವಿಯ ಪಕ್ಕದಲ್ಲಿ ಎರಡೋ ಮೂರೋ ಬುಡ ನಿಂತಿರುವ ಬಾಳೆಗೆ ಬರೀ ಜವಾರಿ ಎಂಬ ಹೆಸರು. ಕೆಲವು ರಾಜಾಪುರಿ ಇರಬಹುದು, ಕೆಲವು ಯಾವ ಪಟ್ಟಿಯಲ್ಲೂ ಇಲ್ಲದವು ಇರಬಹುದು. ಮನೆ ಕೆಡವಿ ಕಟ್ಟುವಾಗ ಮೊದಲು ಹೋಗುವುದು ಹಿತ್ತಲು.

ಸಂಗ್ರಹಕ್ಕೆ ಕಳಿಸುವ ಕಂದಿನ ಜೊತೆ ಒಂದು ನಮೂನೆ ಪತ್ರ ಹೋಗುತ್ತದೆ. ಊರು, ಸಿಕ್ಕಿದ ಜಾಗ, ದಿನಾಂಕ, ಕೊಟ್ಟವರು, ಸ್ಥಳೀಯ ಹೆಸರು, ಉಪಯೋಗ. ಗೊನೆ ನೋಡದ ಗಿಡದಿಂದ ಕಂದು ತೆಗೆಯಬೇಡಿ ಎಂಬುದು ಸಂಗ್ರಹಕಾರರಿಗೆ ಹೇಳುವ ಮೊದಲ ಮಾತು. ತಾಯಿ ಯಾವುದೆಂದು ಖಾತ್ರಿಯಿಲ್ಲದಿದ್ದರೆ ಮುಂದಿನ ಹಾರ್ಮೋನು, ಚಳಿ, ಡಿಎನ್‌ಎ ಪರೀಕ್ಷೆ ಎಲ್ಲವೂ ವ್ಯರ್ಥ. ಗಿಡಕ್ಕೆ ಯಾವ ತಿಂಗಳಲ್ಲಿ ಗೊನೆ ಬಂದಿತ್ತು, ಚಿಪ್ಪಿಗೆ ಎಷ್ಟು ಕಾಯಿ, ಹಣ್ಣು ಹುಳಿಯಿತ್ತೋ ಸಿಹಿಯಿತ್ತೋ, ಎಲೆ ಊಟಕ್ಕೆ ಒಳ್ಳೆಯದೋ ಅಲ್ಲವೋ ಎಂದು ಹೇಳಬಲ್ಲವರು ಹಿತ್ತಲಿಗೆ ನೀರು ಹಾಕಿದ ಅಜ್ಜಿಯರು. ಆ ಪತ್ರದ ಖಾಲಿ ಜಾಗಗಳನ್ನು ತುಂಬಿಸಲು ಅವರು ಇರುವಾಗಲೇ ಹೋಗಬೇಕು, ಅದೂ ಗೊನೆ ಬಿಟ್ಟ ಕಾಲ ನೋಡಿಕೊಂಡು.